ಮದುವೆ ಕುದುರೆ ಹೊರಳಿದ್ದು

ಇಟ್ಟಿಗೆ ಗೂಡಿನ ಕತ್ತೆ ಬೆನ್ನಿನ ಹೊರೆ ಇಳಿದ ಕೂಡಲೇ ಕೆರೆಯಂಗಳದ ಧೂಳಿಗೆ ಬಿದ್ದು, ಕಾಲು ಮೇಲೆತ್ತಿ ಹೊರಳತೊಡಗಿತು. ಪಕ್ಕದಲ್ಲೇ ಮದುವೆ ಮೆರವಣಿಗೆಯ ಬಿಳಿ ಕುದುರೆ ನಿಂತಿತ್ತು. ಅದರ ಮಾಲೀಕ ಮೌಲಾಲಿ ಜರಿಯ ಜೀನು ಬಿಚ್ಚಿಟ್ಟು ನೀರು ತರಲು ಹೋಗಿದ್ದ.

“ನಾಚಿಕೆಯಾಗುವುದಿಲ್ಲವೇ? ನಾಲ್ಕು ಜನ ನೋಡುತ್ತಿದ್ದಾರೆ” ಎಂದಿತು ಕುದುರೆ.

“ನೋಡಲಿ. ಬೆಳಗಿನಿಂದ ಇಟ್ಟಿಗೆ ಹೊತ್ತದ್ದು ನನ್ನ ಬೆನ್ನು. ಆ ನಾಲ್ವರಲ್ಲಿ ಒಬ್ಬರೂ ಒಂದು ಇಟ್ಟಿಗೆ ಇಳಿಸಿಕೊಳ್ಳಲಿಲ್ಲ” ಎಂದಿತು ಕತ್ತೆ. “ಅದಿರಲಿ, ನಿನ್ನ ಮೈ ಏಕೆ ನಡುಗುತ್ತಿದೆ?”

ಕುದುರೆ ದನಿ ತಗ್ಗಿಸಿತು. “ಪಟಾಕಿ ಸದ್ದಿಗೆ ಎದೆ ಹಾರುತ್ತದೆ. ಜೀನಿನ ಕೆಳಗೆ ಬೆವರಿಗೆ ಬೆನ್ನು ಕಡಿಯುತ್ತದೆ. ಆದರೆ ನಾನು ದಣಿದದ್ದು ಗೊತ್ತಾದರೆ ಮುಂದಿನ ಮದುವೆಗೆ ಬೇರೆ ಕುದುರೆಯನ್ನು ಕರೆಸುತ್ತಾರೆ.”

“ಹೀಗೆ ಯಾರಿಗೂ ಗೊತ್ತಾಗದಂತೆ ಎಷ್ಟು ವರ್ಷದಿಂದ ನಿಂತಿದ್ದೀಯೆ?”

“ಒಂಬತ್ತು.”

ಕತ್ತೆ ಉಪದೇಶ ಮಾಡಲಿಲ್ಲ. ಸ್ವಲ್ಪ ಸರಿದು ಜಾಗ ಬಿಟ್ಟಿತು.

ಕುದುರೆ ಅತ್ತಿತ್ತ ನೋಡಿತು, ಮೆಲ್ಲಗೆ ಮೊಣಕಾಲು ಮಡಿಸಿತು. ಆಮೇಲೆ ಎದ್ದ ಧೂಳಿಗೆ ಕತ್ತೆಯೇ ಸೀನಿತು. ನೀರು ತಂದ ಮೌಲಾಲಿ ಬಕೆಟ್ ಕೆಳಗಿಟ್ಟು ಸುಮ್ಮನೆ ಕಾಯುತ್ತ ನಿಂತ.

ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಬಿದ್ದು ಬಿದ್ದು ನಕ್ಕ. “ನೋಡ್ರೋ, ಮದುವೆ ಕುದುರೆ ಕತ್ತೆ ಥರ ಹೊರಳಾಡ್ತಾ ಇದೆ!”

ಕುದುರೆ ತಟ್ಟನೆ ಹೊರಳುವುದನ್ನು ನಿಲ್ಲಿಸಿ ಕತ್ತೆಯ ಮುಖ ನೋಡಿತು. ಕತ್ತೆಯ ಎರಡೂ ಕಿವಿ ನೆಟ್ಟಗಾಗಿದ್ದವು.

“ಕೇಳಿದೆಯಾ?” ಎಂದಿತು ಅದು, ಎದೆಯುಬ್ಬಿಸಿ. “ನನ್ನ ಥರವಂತೆ!”

ಕುದುರೆ ಇನ್ನೊಂದು ಮಗ್ಗುಲಿಗೂ ಹೊರಳಿತು.