ಡ್ರಮ್ ಕಾಸಿದ ಗುಡ್ಡ

ಗುಂಡ್ಲಹಾಳದ ಬಸ್ ನಿಲ್ದಾಣದಲ್ಲಿ ಇಳಿದು ಪಡುವಣಕ್ಕೆ ಮುಖ ಮಾಡಿದರೆ, ಯಾರೋ ಪುರುಸೊತ್ತಿನಲ್ಲಿ ಬಂಡೆ ಪೇರಿಸಿಟ್ಟಂತೆ ಕಾಣುವ ಬೋಳು ಗುಡ್ಡವೊಂದಿದೆ. ನೆತ್ತಿಯಲ್ಲಿ ಕಬ್ಬಿಣದ ಗೋಪುರ, ಅದರ ಬುಡದಲ್ಲಿ ಹಸಿರು ಬಾಗಿಲಿನ ಎರಡು ಕೋಣೆ. ಅದೇ ಊರಿನ ರೇಡಿಯೋ. ಕೋಣೆಯ ಹಿಂದಿನ ದೊಡ್ಡ ಬಂಡೆಗೆ ಆಳೆತ್ತರದ ಮಸಿ ಹಿಡಿದಿದೆ. ಗುಡ್ಡದ ಹೆಸರು ಡ್ರಮ್ ಕಾಸಿದ ಗುಡ್ಡ. ಹೋದ ವರ್ಷ ಪಂಡಿತರೊಬ್ಬರು ಬಂದು ಈ ಹೆಸರಿಗೆ ಶಾಸನವೇನಾದರೂ ಇದೆಯೇ ಎಂದು ಬಂಡೆ ಬಂಡೆ ತಡವಿದರು. ಊರವರು ಅವರಿಗೆ ಚಹಾ ಕುಡಿಸಿ, ಮಸಿ ತೋರಿಸಿ, ಬಸ್ಸು ಹತ್ತಿಸಿದರು. ಐತಿಹ್ಯವೆಂದರೆ ರಾಜರೇ ಬರಬೇಕೆಂದು ಯಾವ ಶಾಸ್ತ್ರದಲ್ಲಿದೆ? ನಮ್ಮ ಕಡೆ ಇಪ್ಪತ್ತು ವರ್ಷ ದಾಟಿದರೆ ಸಾಕು, ಅದು ಪುರಾಣವೇ.

ಹಿಂದೆ ಒಮ್ಮೆ, ಇದಿನ್ನೂ ಬರೀ ಬೋಳುಗುಡ್ಡವಾಗಿದ್ದಾಗ, ರೇಡಿಯೋ ರಿಪೇರಿಯ ಹೊನ್ನೂರಸ್ವಾಮಿ ಊರಿನ ಹಿರಿಯರಾದ ಸಿದ್ದನಗೌಡರ ಕೈಕಾಲು ಹಿಡಿದು ಇಲ್ಲಿ ರೇಡಿಯೋ ಕೇಂದ್ರ ಕಟ್ಟಿಸಿದನೆನ್ನುತ್ತಾರೆ. ಗೌಡರ ಮನಸ್ಸಿನಲ್ಲಿದ್ದದ್ದು ಭಜನೆ ಮತ್ತು ಬೆಳೆಯ ಸುದ್ದಿ. ಹೊನ್ನೂರಸ್ವಾಮಿಗೋ ರಾಕ್ ಸಂಗೀತದ ಹುಚ್ಚು. ಸಂಜೆಯಾದರೆ ಗಿಟಾರಿನ ಚೀರಾಟ ಹಚ್ಚುತ್ತಿದ್ದ. ಎಮ್ಮೆಗಳು ಹಾಲು ಬಿಡುತ್ತಿಲ್ಲವೆಂಬ ದೂರು ಬಂತು. ಎಮ್ಮೆಗಳನ್ನು ಯಾರೂ ಕೇಳಲಿಲ್ಲ, ಆ ಮಾತು ಬೇರೆ. ಕಡೆಗೆ ಗೌಡರು ತೀರ್ಮಾನ ಹೇಳಿದರು. ಬರುವ ಹುಣ್ಣಿಮೆಯ ಸಂಜೆ ಹೊನ್ನೂರಸ್ವಾಮಿಯ ತಂಡ ಗುಡ್ಡದ ಮೇಲೆ ನಿಂತು ಹಾಡಿ, ರೇಡಿಯೋದಲ್ಲಿ ನೇರ ಊರಿಗೆ ಕೇಳಿಸಬೇಕು. ಊರು ಒಪ್ಪಿದರೆ ಸರಿ, ಒಪ್ಪದಿದ್ದರೆ ಈ ಗದ್ದಲ ಬಂದ್.

ಆ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದವಳು ಹುಲಿಗೆಮ್ಮ, ಹಲಗೆ ದುರುಗಪ್ಪನ ಒಬ್ಬಳೇ ಮಗಳು. ದುರುಗಪ್ಪನ ಹಲಗೆಯ ಬಡಿತವಿಲ್ಲದೆ ಆ ಸೀಮೆಯಲ್ಲಿ ಮದುವೆಯೂ ನಡೆಯುತ್ತಿರಲಿಲ್ಲ, ಹೆಣವೂ ಏಳುತ್ತಿರಲಿಲ್ಲ. ಆದರೆ ಹೆಣ್ಣುಮಕ್ಕಳು ಹಲಗೆ ಮುಟ್ಟಬಾರದೆಂಬುದು ಆ ಮನೆತನದ ಕಟ್ಟಳೆ. ಮಗಳು ಚಿಕ್ಕವಳಿದ್ದಾಗ ಅದರ ಮೇಲೆ ಬೆರಳಾಡಿಸಿದಳೆಂದು ಅವನೇ ಕಸಿದುಕೊಂಡು ಎತ್ತರದ ಗೂಟಕ್ಕೆ ತೂಗುಹಾಕಿದ್ದ. ಅವಳು ಕೊಡ, ಡಬ್ಬ, ಬಾಗಿಲು, ಸಿಕ್ಕಿದ್ದನ್ನೆಲ್ಲ ಬಡಿದಳು. ಹೊಸಪೇಟೆಯ ಕಾಲೇಜಿಗೆ ಹೋಗಿ ಡ್ರಮ್ ಕಲಿತು ಬಂದಳು. ಅದಕ್ಕೆ ಕಟ್ಟಳೆಯ ಅಡ್ಡಿ ಇರಲಿಲ್ಲ, ಕಟ್ಟಳೆ ಮಾಡಿದ ಹಿರಿಯರು ಡ್ರಮ್ ಕಂಡಿದ್ದರೆ ತಾನೆ! ದುರುಗಪ್ಪ ಬಾಯಿಬಿಟ್ಟು ಹೊಗಳಿದವನಲ್ಲ. ಆದರೆ ಹುಣ್ಣಿಮೆಯ ಸಂಜೆ ಸೋತರೆ ಊರು ಮಗಳನ್ನು ಮತ್ತೆ ಬಾರಿಸಗೊಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆ ಚಿಂತೆಯಲ್ಲಿ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಹುಣ್ಣಿಮೆಯ ದಿನ ಬೆಳಗಿನಿಂದ ಜಿಟಿಜಿಟಿ ಮಳೆ, ಇಳಿಹೊತ್ತಿಗೆ ನಿಂತಿತ್ತು. ದುರುಗಪ್ಪ ಒಂದು ಮದುವೆಯ ಮೆರವಣಿಗೆ ಮುಗಿಸಿ, ಹೆಗಲ ಹಲಗೆ ಇಳಿಸದೆಯೇ ನೇರ ಗುಡ್ಡ ಹತ್ತಿದ. ತಂಡದವರು ಕೋಣೆಯೊಳಗೆ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರು. ಹೊರಗೆ ಬಂಡೆಯ ಮರೆಯಲ್ಲಿ ಡ್ರಮ್ಮುಗಳು, ಅವುಗಳ ಮುಂದೆ ಮೈಕು. ದುರುಗಪ್ಪ ಒಂದನ್ನು ತಟ್ಟಿ ನೋಡಿದ. ಸದ್ದು ಅವನ ಕಿವಿಗೆ ಹಸಿಹಸಿಯಾಗಿ ಕೇಳಿಸಿತು. ಥಂಡಿಗೆ ಚರ್ಮ ಸಡಿಲಾಗಿದೆ, ಕಾಸಬೇಕೆಂಬ ಬುದ್ಧಿಯೂ ಈ ಹುಡುಗರಿಗಿಲ್ಲವಲ್ಲ ಎಂದು ಮರುಗಿದ. ಕಾಸದೆ ಬಾರಿಸುವುದು ಅವನ ವಂಶದಲ್ಲೇ ಇಲ್ಲ. ಬಂಡೆಯ ಸಂದಿನಲ್ಲಿ ಕುರಿಯವರು ಬಚ್ಚಿಟ್ಟಿದ್ದ ಒಣ ಜೋಳದ ದಂಟು ಒಟ್ಟಿ, ಬೆಂಕಿ ಹಚ್ಚಿ, ಡ್ರಮ್ಮುಗಳನ್ನು ಹಲಗೆಯಂತೆಯೇ ಸುತ್ತ ಒರಗಿಸಿದ. ಇನ್ನಷ್ಟು ದಂಟು ತರಲು ಆಚೆ ಹೋದ. ಅದು ಚರ್ಮವಲ್ಲ, ಪ್ಲಾಸ್ಟಿಕ್ಕಿನ ಹಾಳೆ ಎಂದು ಪಾಪ ಅವನಿಗೇನು ಗೊತ್ತು? ಬಂದು ನೋಡಿದರೆ ಅಷ್ಟೂ ಹಪ್ಪಳದಂತೆ ಮುದುಡಿಕೊಂಡು ತೂತುಬಿದ್ದಿದ್ದವು.

ವಾಸನೆಗೆ ಎಲ್ಲರೂ ಓಡಿಬಂದರು. ಹೊನ್ನೂರಸ್ವಾಮಿ ತಲೆಯ ಮೇಲೆ ಕೈಹೊತ್ತು ಕೂತ. ಹಾಡುವ ಹೊತ್ತಾಗಿತ್ತು, ಮೈಕು ಆಗಲೇ ಚಾಲೂ ಆಗಿತ್ತು. ಮಗಳ ಬಾಳನ್ನು ಕೈಯಾರೆ ಸುಟ್ಟೆನಲ್ಲ ಎಂದು ದುರುಗಪ್ಪ ಕುಸಿದುಹೋದ. ಹುಲಿಗೆಮ್ಮ ಕೂಗಾಡಲಿಲ್ಲ. ಬೆಂಕಿಯನ್ನು ನೋಡಿದಳು, ಅಪ್ಪನ ಹೆಗಲನ್ನು ನೋಡಿದಳು.

"ಅಪ್ಪಾ, ಬೆಂಕಿ ಇನ್ನಾ ಆರಿಲ್ಲ. ನಿನ್ನ ಹಲಗಿ ಕಾಸು."

"ಬಾರಸೋರು ಯಾರವ್ವಾ?"

ಅವಳು ಕೈ ಚಾಚಿದಳು. ದುರುಗಪ್ಪನಿಗೆ ಸತ್ತ ಹಿರಿಯರೆಲ್ಲ ಕಣ್ಣಮುಂದೆ ಬಂದು ನಿಂತರಂತೆ. ಎದುರಿಗೆ ಜೀವಂತ ಮಗಳೂ ನಿಂತಿದ್ದಳು. ಅವನು ಹಲಗೆಯನ್ನು ಬೆಂಕಿಗೆ ಹಿಡಿದ. ದಂಟು ಚಟಚಟನೆ ಸಿಡಿಯುವ ಸದ್ದು ಮೈಕಿಗೆ ಬಿದ್ದು ಇಡೀ ಊರಿಗೆ ಕೇಳಿಸಿತು. ಆ ಸದ್ದು ಗುರುತಿಲ್ಲದವರು ಅಲ್ಲಿ ಯಾರಿದ್ದಾರೆ? ಹಲಗೆ ಕಾಯುತ್ತಿದೆಯೆಂದರೆ ಏನೋ ಶುರುವಾಗಲಿದೆ ಎಂದೇ ಅರ್ಥ. ರೊಟ್ಟಿ ಬಡಿಯುತ್ತಿದ್ದವರು ರೊಟ್ಟಿ ಬಿಟ್ಟು ರೇಡಿಯೋದ ಹತ್ತಿರ ಬಂದರು; ಗೌಡರು ಕಟ್ಟೆಯ ಮೇಲೆ ನೆಟ್ಟಗೆ ಕೂತರು. ದುರುಗಪ್ಪ ಕಾದ ಹಲಗೆಯನ್ನು ತಾನೇ ಮಗಳ ಹೆಗಲಿಗೆ ಹಾಕಿದ. ಅವಳು ಬಾರಿಸಿದಳು, ಗಿಟಾರು ಅದರ ಬೆನ್ನು ಹತ್ತಿತು. ಹಾಡು ಹಾಡಿನ ನಡುವೆ ಚರ್ಮ ಸಡಿಲಾದಾಗ ಅಪ್ಪ ಮತ್ತೆ ಕಾಸಿಕೊಟ್ಟ, ಊರು ಆ ಚಟಚಟವನ್ನು ಕೇಳುತ್ತ ಕಾದು ಕೂತಿತು.

ಮರುದಿನ ಬೆಳಿಗ್ಗೆ ಗೌಡರು ಏದುಸಿರು ಬಿಡುತ್ತ ಗುಡ್ಡ ಹತ್ತಿದರು. ಹೊನ್ನೂರಸ್ವಾಮಿಯ ಜೀವ ಬಾಯಿಗೆ ಬಂದಿತ್ತು. ಗೌಡರು ಸೀದಾ ಬಂಡೆಯ ಬಳಿ ಬೂದಿ ಗುಡಿಸುತ್ತಿದ್ದ ದುರುಗಪ್ಪನ ಹತ್ತಿರ ಹೋಗಿ, ಮಗಳು ಇವತ್ತೂ ಬಾರಿಸುತ್ತಾಳೇನು ಎಂದು ಕೇಳಿದರು.

"ಆಕೀನ್ನ ಕೇಳ್ರಿ, ಗೌಡ್ರ," ಎಂದ ದುರುಗಪ್ಪ. "ಹಲಗಿ ಈಗ ಆಕೀದು."

ಅಂದಿನಿಂದ ಅದು ಡ್ರಮ್ ಕಾಸಿದ ಗುಡ್ಡ. ಮೊದಲು ಗೇಲಿಗೆ ಹಾಗೆ ಕರೆದವರೇ ಈಗ ಎದೆಯುಬ್ಬಿಸಿ ದಾರಿ ತೋರಿಸುತ್ತಾರೆ. ಇಂದಿಗೂ ಸಂಜೆಯ ರಾಕ್ ಹಾಡುಗಳು ದಂಟಿನ ಚಟಚಟದಿಂದಲೇ ಆರಂಭವಾಗುತ್ತವೆ. ಮುದುಡಿದ ಪ್ಲಾಸ್ಟಿಕ್ ಹಾಳೆಯೊಂದು ಹಸಿರು ಬಾಗಿಲಿಗೆ ತೋರಣದಂತೆ ತೂಗುತ್ತಿದೆ. ಹೊಸ ತಂಡ ಬಂದರೆ ಮುದುಕ ದುರುಗಪ್ಪ ಅವರ ಡ್ರಮ್ಮನ್ನು ಚರ್ಮವೋ ಪ್ಲಾಸ್ಟಿಕ್ಕೋ ಎಂದು ಉಗುರಿನಿಂದ ಗೀರಿ ನೋಡಿ, ಆಮೇಲೆಯೇ ಬೆಂಕಿಪೊಟ್ಟಣಕ್ಕೆ ಕೈಹಾಕುತ್ತಾನೆ. ಒಳಕೋಣೆಯ ಗೋಡೆಯಲ್ಲಿ ಆ ಹಲಗೆ ಇದೆ. ನೋಡಹೋದವರು ಬಗ್ಗಿ ನೋಡಬೇಕು. ಅದರ ಗೂಟ ಎಳೆಯ ಹೆಣ್ಣುಮಗುವಿನ ಕೈಗೂ ಎಟುಕುವಷ್ಟು ಕೆಳಗಿದೆ. ಆ ಗೂಟ ಹೊಡೆದವನು ದುರುಗಪ್ಪನೇ.