ಒಡೆದ ದನಿ

ನದಿಯ ದಡದ ಮಠದಲ್ಲಿ ಹಳೆಯ ಕಾರೊಂದಿತ್ತು. ಅದನ್ನು ಓಡಿಸುತ್ತಿದ್ದವನು ಶಿಷ್ಯ ಶಿವನಂಜ.

ಗುರುಗಳಿಗೆ ವಯಸ್ಸಾಗಿ ದನಿ ಸಣ್ಣದಾಗಿತ್ತು. ಅದಕ್ಕೇ ಭಕ್ತರು ಕಾರಿನ ಸ್ಟೀರಿಯೋಗೆ ಮೈಕು ಸೇರಿಸಿ, ಡಿಕ್ಕಿಯಲ್ಲಿ ದೊಡ್ಡ ಸ್ಪೀಕರೊಂದನ್ನು ಕೂರಿಸಿಕೊಟ್ಟಿದ್ದರು. ಊರ ಮುಂದೆ ಕಾರು ನಿಲ್ಲಿಸಿ ಡಿಕ್ಕಿ ತೆರೆದರೆ, ಅಲ್ಲೇ ಸಭೆ.

ಅದನ್ನು ಕೂರಿಸಿದ ಮೆಕ್ಯಾನಿಕ್ ಇಲಿಯಾಸ್ ಶಿವನಂಜನಿಗೆ ಒಂದು ಮಾತು ಹೇಳಿದ್ದ. ದನಿ ಒಡೆಯತೊಡಗಿದ ಕೂಡಲೇ ವಾಲ್ಯೂಮ್ ಇಳಿಸಬೇಕು. ದನಿ ಹೆಚ್ಚಿಸುವ ಆಂಪ್ಲಿಫೈಯರ್ ಚಿಕ್ಕದು, ಶಕ್ತಿ ಮೀರಿ ದುಡಿಸಿದರೆ ಅದು ಒಡಕು ದನಿಯನ್ನೇ ಸ್ಪೀಕರಿಗೆ ದೂಡುತ್ತದೆ, ಒಳಗಿನ ತಂತಿಯ ಕಾಯಿಲ್ ಕಾದು ಸುಟ್ಟುಹೋಗುತ್ತದೆ. ಶಿವನಂಜ ತಲೆಯಾಡಿಸಿದ್ದ.

ಆ ಬೇಸಿಗೆಯಲ್ಲಿ ಡಾಕ್ಟರು ಗುರುಗಳ ಗಂಟಲು ನೋಡಿ, ಇನ್ನು ಸಭೆಗಳಲ್ಲಿ ಮಾತು ನಿಲ್ಲಿಸಿಬಿಡಿ ಎಂದರು. ಒಂದೇ ಒಂದು ಸಲ ಎಲ್ಲರೊಡನೆ ಮಾತಾಡಿ ನಿಲ್ಲಿಸುತ್ತೇನೆ ಎಂದರು ಗುರುಗಳು.

ಸುದ್ದಿ ಹಬ್ಬಿತು. ಹೊಳೆಯ ಮರಳಿನ ಮೇಲೆ, ಕಾರಿನ ಎದುರಿಗೆ, ಜನ ಕೂತರು. ಹಿಂದಿನ ಸಾಲುಗಳು ದಡದ ಹೊಂಗೆ ಮರಗಳವರೆಗೂ ಹೋದವು.

ಗುರುಗಳು ಮಾತು ಶುರುಮಾಡಿದರು. ಕೇಳಿಸುತ್ತಿಲ್ಲ ಎಂದು ಹಿಂದಿನವರು ಕೈಯೆತ್ತಿದರು. ಶಿವನಂಜ ವಾಲ್ಯೂಮ್ ಏರಿಸಿದ.

ದನಿ ದೊಡ್ಡದಾಯಿತು. ಇನ್ನೂ ಏರಿಸಿದ. ದನಿ ಬಿರುಕುಬಿಟ್ಟಿತು, ತಗಡು ಉಜ್ಜಿದ ಹಾಗೆ. ಮುಂದೆ ಕೂತಿದ್ದ ಹೆಂಗಸರು ಕಿವಿ ಮುಚ್ಚಿಕೊಂಡರು.

ಗುರುಗಳು ಅವನತ್ತ ನೋಡಿ ಅಂಗೈಯನ್ನು ಕೆಳಗೆ ಮಾಡಿ ತೋರಿಸಿದರು. ಶಿವನಂಜನಿಗೆ ಅರ್ಥವಾಯಿತು. ಆದರೆ ಹಿಂದೆ ಇನ್ನೂ ಕೈಗಳು ಎದ್ದೇ ಇದ್ದವು. ಇದು ಕೊನೆಯ ಮಾತು, ಒಬ್ಬರಿಗೂ ತಪ್ಪಬಾರದು ಎಂದುಕೊಂಡು ಅವನು ಪೂರ್ತಿ ತಿರುಗಿಸಿಬಿಟ್ಟ.

ಡಿಕ್ಕಿಯಿಂದ ಸುಟ್ಟ ವಾಸನೆ ಬಂತು. ಸದ್ದು ನಿಂತುಹೋಯಿತು.

ಗುರುಗಳು ಮೈಕು ಕೆಳಗಿಟ್ಟು ಹಾಗೆಯೇ ಮಾತಾಡುತ್ತಾ ಹೋದರು. ಎದುರಿಗಿದ್ದ ಕೆಲವರಿಗೆ ಕೇಳಿಸಿತು. ಹಿಂದಿನವರು ಸ್ವಲ್ಪ ಹೊತ್ತು ಕಾದು, ಮೈಮೇಲಿನ ಮರಳು ಕೊಡವಿಕೊಂಡು ಎದ್ದು ಹೋದರು.

ಮಾರನೆಯ ದಿನ ಶಿವನಂಜ ಸ್ಪೀಕರ್ ಬಿಚ್ಚಿ ಗುರುಗಳ ಮುಂದಿಟ್ಟ. ಕಾಯಿಲ್ ಕರಕಲಾಗಿತ್ತು.

"ಸ್ಪೀಕರ್ ಗಟ್ಟಿಯಿರಲಿಲ್ಲವೇನೋ ಬುದ್ಧಿ," ಎಂದ.

ಗುರುಗಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಮೆಲ್ಲಗೆ ಒತ್ತಿದರು. ಒಳಗೆ ಕರಕರ ಎಂದಿತು.

"ದನಿ ಒಡೆದದ್ದು ನಿನಗೆ ಕೇಳಿಸಿತೆ?" ಗುರುಗಳ ದನಿ ಕ್ಷೀಣವಾಗಿತ್ತು.

"ಕೇಳಿಸಿತು ಬುದ್ಧಿ."

"ಮತ್ತೆ ಯಾಕೆ ಏರಿಸಿದೆ?"

"ಹಿಂದಿನವರಿಗೂ ಕೇಳಿಸಲಿ ಅಂತ."

"ಅವರಿಗೆ ಏನು ಕೇಳಿಸಿತು?"

ಶಿವನಂಜ ಸ್ಪೀಕರನ್ನು ಅವರ ತೊಡೆಯಿಂದ ಎತ್ತಿಕೊಂಡ. ಇಲಿಯಾಸನನ್ನು ಕರೆತರಲು ಹೋದ.

ಇಲಿಯಾಸ್ ಬಂದು ಹೊಸ ಸ್ಪೀಕರ್ ಕೂರಿಸಿದ. ದನಿ ಎಲ್ಲಿಯವರೆಗೆ ಶುದ್ಧವಾಗಿ ಬರುತ್ತದೋ ಅಲ್ಲಿಗೆ ವಾಲ್ಯೂಮಿನ ಗುಂಡಿಯ ಮೇಲೆ ಬಿಳಿ ಬಣ್ಣದ ಗೆರೆ ಎಳೆದ. ಅದನ್ನು ದಾಟಬೇಡಿ ಎಂದಷ್ಟೇ ಹೇಳಿದ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಶಿವನಂಜನಿಗೆ.

ಅಷ್ಟರಲ್ಲಿ ಗುರುಗಳ ದನಿ ಪಿಸುಮಾತಿಗೆ ಇಳಿದಿತ್ತು. ಕಾರು ಅಂಗಳದಲ್ಲೇ ನಿಂತಿತ್ತು. ಅಂದು ಹಿಂದೆ ಕೂತಿದ್ದವರು ಆಗಾಗ ಮಠಕ್ಕೆ ಬಂದು, ಆವತ್ತು ಬುದ್ಧಿಯವರು ಏನು ಹೇಳಿದರು ಎಂದು ಶಿವನಂಜನನ್ನೇ ಕೇಳುತ್ತಿದ್ದರು. ಅವನಿಗೂ ನೆನಪಿರಲಿಲ್ಲ. ಅಂದು ಅವನ ಕಣ್ಣೆಲ್ಲ ಎದ್ದ ಕೈಗಳ ಮೇಲಿತ್ತು.

ಒಂದು ಸಂಜೆ ಗುರುಗಳ ಕಾಲ ಬಳಿ ಕೂತು ಅದನ್ನೂ ಹೇಳಿಕೊಂಡ. ಆಮೇಲೆ ಕೇಳಿದ:

"ದನಿ ಒಡೆಯುವ ಮೊದಲೇ ಗುಂಡಿ ನಿಲ್ಲಿಸಿದ್ದರೆ ಹೊಂಗೆ ಮರದ ಕೆಳಗಿದ್ದವರಿಗೆ ಹೇಗೂ ಕೇಳಿಸುತ್ತಿರಲಿಲ್ಲ. ನಾನು ಏನು ಮಾಡಬೇಕಿತ್ತು ಬುದ್ಧಿ?"

ಗುರುಗಳು ಹೊಳೆಯ ಮರಳಿನತ್ತ ಕೈ ತೋರಿಸಿದರು. ಆಮೇಲೆ ಅವನ ಭುಜ ಹಿಡಿದು ತಮ್ಮತ್ತ ಎಳೆದುಕೊಂಡು, ಕಿವಿಯಲ್ಲಿ ಹೇಳಿದರು:

"ಹತ್ತಿರ ಬನ್ನಿ ಅಂತ ಕರೆಯಬೇಕಿತ್ತು, ಮಗ. ನಾನೂ ಕರೆಯಲಿಲ್ಲ."