ತೆಗೆ ಎಂಬ ಮಾತು

“ಗುರುಗಳೇ, ತೆಗೆದದ್ದು ತಿರುಗಿ ಬರುತ್ತದೆಯೇ?” ಎಂದು ಮರುಳಯ್ಯ ಕೇಳಿದ.

ಗುರುಗಳು ಆಗ ತಾನೇ ಪ್ರಯಾಣದಿಂದ ಮಠಕ್ಕೆ ಬಂದು, ಕಾಲು ತೊಳೆದು ಕೂತಿದ್ದರು. ಶಿಷ್ಯ ಅವರ ಮುಖ ನೋಡಲಿಲ್ಲ. ಮೂಲೆಯಲ್ಲಿದ್ದ ಕಂಪ್ಯೂಟರನ್ನು ನೋಡುತ್ತ ಕೇಳಿದ್ದ. ಅದರ ಕಪ್ಪು ಪರದೆಯ ಮೇಲೆ ಒಂದು ಸಣ್ಣ ಗೆರೆ ಮಿಣುಕುತ್ತಿತ್ತು.

ಆ ಕಂಪ್ಯೂಟರು ಹಳೆಯದು. ಒತ್ತಿದರೆ ತೆರೆದುಕೊಳ್ಳುವ ಚಿತ್ರಗಳು ಅದರಲ್ಲಿರಲಿಲ್ಲ. ಏನಾಗಬೇಕಾದರೂ ಮಾತು ಬರೆಯಬೇಕು. ಆ ಮಾತುಗಳನ್ನು ಗುರುಗಳೇ ಮರುಳಯ್ಯನಿಗೆ ಕಲಿಸಿದ್ದರು. ಫೋಲ್ಡರಿಗೆ ಅವರು ಕೋಣೆ ಎನ್ನುತ್ತಿದ್ದರು. ನಾನು ಯಾವ ಕೋಣೆಯಲ್ಲಿದ್ದೇನೆ ಎಂದು ಕೇಳಲು ಪಿಡಬ್ಲ್ಯೂಡಿ. ಇಲ್ಲಿ ಏನೇನಿದೆ ಎಂದು ಕೇಳಲು ಎಲ್‌ಎಸ್. ಇನ್ನೊಂದು ಕೋಣೆಗೆ ಹೋಗಲು ಸಿಡಿ. ನಕಲು ಮಾಡಲು ಸಿಪಿ, ಸಾಗಿಸಲು ಎಂವಿ. ಕೊನೆಗೆ ಆರ್‌ಎಂ. ಅದು ಇಲ್ಲವಾಗಿಸುವ ಮಾತು. ಪಿಡಬ್ಲ್ಯೂಡಿ ಎಂದರೆ ರಸ್ತೆ ಮಾಡುವವರಲ್ಲವೇ ಎಂದು ಮರುಳಯ್ಯ ಮೊದಲ ದಿನ ನಕ್ಕಿದ್ದ. ಅವರು ರಸ್ತೆ ಮಾಡುತ್ತಾರೆ, ಇದು ನೀನು ಯಾವ ರಸ್ತೆಯಲ್ಲಿದ್ದೀಯ ಎಂದು ಹೇಳುತ್ತದೆ, ಎರಡೂ ಬೇಕು ಎಂದು ಗುರುಗಳೂ ನಕ್ಕಿದ್ದರು.

ಒಂದು ಕೋಣೆಯಲ್ಲಿ ಓಲೆಗರಿಗಳ ಚಿತ್ರಗಳಿದ್ದವು. ದನಕರುಗಳ ಕಾಯಿಲೆಗೆ ಮದ್ದು ಹೇಳುವ ಹಳೆಯ ಓಲೆಕಟ್ಟು ಅದು. ಹುಳು ತಿಂದಿದ್ದ ಗರಿಗಳು ಚಿತ್ರ ತೆಗೆಯುವಾಗಲೇ ಪುಡಿಪುಡಿಯಾಗಿದ್ದವು. ಉಳಿದದ್ದು ಚಿತ್ರಗಳು ಮಾತ್ರ. ಸುತ್ತಿನ ಊರಿನವರು ದನ ಮೇವು ಬಿಟ್ಟರೆ ಈಗಲೂ ಮಠಕ್ಕೆ ಬರುತ್ತಿದ್ದರು.

ಹಿಂದಿನ ದಿನ ಗುರುಗಳು ದಾರಿಯಿಂದ ಫೋನ್ ಮಾಡಿ, “ಓಲೆ ಕೋಣೆ ತೆಗಿ, ನಾನು ಬರ್ತಾ ಇದ್ದೀನಿ” ಎಂದಿದ್ದರು. ಹೊಸದೇನೋ ತರುತ್ತಿದ್ದಾರೆ, ಜಾಗ ಬೇಕಾಗಿರಬೇಕು ಎಂದುಕೊಂಡ ಮರುಳಯ್ಯ. ಆರ್‌ಎಂ ಎಂದು ಬರೆದ. ಇದು ಕೋಣೆ, ಹೀಗೆ ತೆಗೆಯಲಾಗದು ಎಂದು ಯಂತ್ರ ಒಮ್ಮೆ ತಡೆಯಿತು. ಯಂತ್ರಕ್ಕೂ ಹಟವೇ ಎಂದು, ಒಳಗಿರುವುದೆಲ್ಲ ಸೇರಿ ಎಂಬ ಗುರುತನ್ನು ಹಾಕಿ ಮತ್ತೆ ಬರೆದ. ಈ ಸಲ ಯಂತ್ರ ಏನೂ ಹೇಳಲಿಲ್ಲ. ಮರುಳಯ್ಯ ಕೆಲಸ ಮುಗಿಯಿತೆಂದು ಊಟಕ್ಕೆ ಎದ್ದ.

ಬೆಳಿಗ್ಗೆ ಊರಿನವನೊಬ್ಬ ಬಂದ. ಎಮ್ಮೆ ಹಾಲು ಇಳಿಸುತ್ತಿಲ್ಲ, ಗುರುಗಳು ಬಂದ ಮೇಲೆ ಓಲೆ ನೋಡಿ ಮದ್ದು ಹೇಳುತ್ತಾರಂತೆ, ಕೋಣೆ ತೆಗೆಸಿಡುತ್ತೇನೆ ಎಂದಿದ್ದರು ಎಂದ. ಗುರುಗಳು ಹೇಳಿದ್ದು ತೆರೆ ಎಂದು, ಅಳಿಸು ಎಂದಲ್ಲ ಎಂದು ಮರುಳಯ್ಯನಿಗೆ ಆಗ ಹೊಳೆಯಿತು. ನಾಳೆ ಬಾ ಎಂದು ಅವನನ್ನು ಕಳಿಸಿದ. ಕಂಪ್ಯೂಟರಿನ ಮುಂದೆ ಕೂತು ಎಲ್‌ಎಸ್ ಎಂದು ಬರೆದ. ಓಲೆ ಕೋಣೆ ಇರಲಿಲ್ಲ. ಮತ್ತೆ ಬರೆದ. ಇರಲಿಲ್ಲ.

ಊರಿಗೆ ಓಡಿಹೋಗೋಣ ಎನ್ನಿಸಿತು. ಆದರೆ ಅಲ್ಲಿ ಅವನ ಅವ್ವ ಇದ್ದಳು. ಯುಗಾದಿಗೆ ಊರಿಗೆ ಹೊರಟಾಗ ಗುರುಗಳು ಕಂಪ್ಯೂಟರಿನ ಮುಂದಿನಿಂದ ಎದ್ದು ಬಂದು ಒಂದು ಪುಟ್ಟ ಪೊಟ್ಟಣ ಕೊಟ್ಟು, ನಿನ್ನ ಅವ್ವನಿಗೆ ಕೊಡು, ಭದ್ರವಾಗಿಡಲಿ ಎಂದಿದ್ದರು. ಮುಟ್ಟಿದರೆ ಗಟ್ಟಿಯಾಗಿತ್ತು. ಕಲ್ಲುಸಕ್ಕರೆಯ ಪ್ರಸಾದ ಎಂದು ಅವನು ತಿಳಿದ. ಅವ್ವ ಅದನ್ನು ಬಿಚ್ಚಲೂ ಇಲ್ಲ. ದೇವರ ಗೂಡಿನಲ್ಲಿಟ್ಟು ದಿನಾ ಕೈ ಮುಗಿಯುತ್ತಿದ್ದಳು. ಅಂಥವಳ ಮುಂದೆ, ಗುರುಗಳಿಗೆ ಮುಖ ತೋರಿಸದೆ ಓಡಿಬಂದೆ ಎಂದು ಹೇಳುವುದು ಹೇಗೆ? ಹಾಗಾಗಿ ಅವನು ಓಡಲಿಲ್ಲ. ಗುರುಗಳು ಬಂದು ಕೂತ ಮೇಲೆ ಆ ಪ್ರಶ್ನೆ ಕೇಳಿದ.

ಗುರುಗಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ನೇರವಾಗಿ ಉತ್ತರ ಕೊಟ್ಟು ಅವರಿಗೆ ಅಭ್ಯಾಸವೇ ಇರಲಿಲ್ಲ. ಅವರು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಮನೆಯಲ್ಲಿ ಒಂದು ಬಗೆಯ ಭತ್ತವಿತ್ತು. ಆ ಊರಿನ ಗದ್ದೆಗಳೆಲ್ಲ ಜೌಗು. ಬೇರೆ ಬೀಜ ಹಾಕಿದರೆ ಕೊಳೆಯುತ್ತಿತ್ತು. ಈ ಭತ್ತ ಮೊಣಕಾಲುದ್ದ ನೀರಿನಲ್ಲೂ ನಿಲ್ಲುತ್ತಿತ್ತು. ಪ್ರತಿ ಮಳೆಗಾಲ ಊರಿನವರೆಲ್ಲ ಅವನ ಮನೆಯಿಂದಲೇ ಬೀಜ ಒಯ್ಯುತ್ತಿದ್ದರು. ಬೀಜದ ಭತ್ತವನ್ನು ಅವನು ಒಳಗಿನ ಕೋಣೆಯಲ್ಲಿ, ಆಳೆತ್ತರದ ಮಣ್ಣಿನ ವಾಡೆಗಳಲ್ಲಿ ತುಂಬಿಡುತ್ತಿದ್ದ.

ರೈತನ ಮಗಳ ಮದುವೆಯಾಯಿತು. ಗಂಡನ ಮನೆಗೆ ಹೊರಡುವ ದಿನ ತಾಯಿ ಅವಳಿಗೆ ಮಡಿಲು ತುಂಬಿದಳು. ಅಕ್ಕಿ ಹಾಕಿದಳು, ಕೊಬ್ಬರಿ ಬೆಲ್ಲ ಹಾಕಿದಳು. ಅದರ ಮೇಲೆ ಬೀಜದ ಭತ್ತದ ಒಂದು ಗಂಟನ್ನೂ ಇಟ್ಟಳು. ರೈತ ನಕ್ಕ.

“ಮಡಿಲಿಗೆ ಅಕ್ಕಿ ಹಾಕೋರನ್ನ ಕಂಡಿದ್ದೀನಿ. ಭತ್ತ ಹಾಕೋಳು ನೀನೊಬ್ಬಳೇ. ಅವರ ಮನೇಲಿ ಭತ್ತಕ್ಕೇನು ಬರವ?”

“ಅಕ್ಕಿ ಉಂಡರೆ ಮುಗೀತದೆ,” ಎಂದಳು ಹೆಂಡತಿ. “ಇದು ಮುಗಿಯೋದಲ್ಲ.”

ರೈತ ಆ ಮಾತನ್ನು ಅಲ್ಲಿಗೇ ಮರೆತ. ಗಂಡಸರು ಮಡಿಲು ತುಂಬುವ ಕಡೆ ನಿಲ್ಲುವುದೇ ನಗುವುದಕ್ಕೆ.

ಕೆಲವು ವರ್ಷ ಕಳೆದವು. ರೈತನಿಗೆ ಮೈಯಲ್ಲಿ ಕಸುವು ಕಡಿಮೆಯಾಯಿತು. ಒಬ್ಬ ಆಳನ್ನು ಇಟ್ಟುಕೊಂಡ. ಆಳು ದೂರದ ಸೀಮೆಯವನು, ಅವನಿಗೆ ಇಲ್ಲಿಯ ಮಾತು ಬರುತ್ತಿರಲಿಲ್ಲ. ರೈತ ಒಂದೊಂದಾಗಿ ಮಾತು ಕಲಿಸಿದ. ಹೋಗು, ತೋರಿಸು, ಕಟ್ಟು, ಸಾಗಿಸು. ಆಳು ಕಲಿತದ್ದನ್ನು ಮರೆಯುತ್ತಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ತಿಳಿಯದಿದ್ದರೆ ತಲೆಯಾಡಿಸುತ್ತಿದ್ದ. ತಿಳಿದರೆ ಮಾಡಿ ಮುಗಿಸಿ ಸುಮ್ಮನೆ ನಿಲ್ಲುತ್ತಿದ್ದ. ಇವನೇನು ಕಂಬದ ಹಾಗೆ ನಿಲ್ಲುತ್ತಾನೆ, ಆಯಿತು ಎಂದಾದರೂ ಹೇಳಬಾರದೇ ಎಂದು ರೈತನಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಸುಮ್ಮನಿದ್ದರೆ ಕೆಲಸ ಆಗಿದೆ ಎಂದು ಆಮೇಲೆ ಅವನಿಗೆ ತಿಳಿಯಿತು.

ಒಂದು ದಿನ ರೈತ ಮೇವು ಕೂಡಿಟ್ಟಿದ್ದ ಹುಲ್ಲಿನ ಮನೆಗೆ ಹೊರಟವನು ಅಡುಗೆಮನೆಯಲ್ಲಿ ನೀರು ಕುಡಿಯಲು ನಿಂತ. ಮನಸ್ಸು ಆಗಲೇ ಹುಲ್ಲಿನ ಮನೆ ಸೇರಿತ್ತು, ಕಾಲು ಸೇರಿರಲಿಲ್ಲ. ಇಲ್ಲಿರುವುದನ್ನೆಲ್ಲ ಕೊಟ್ಟಿಗೆಗೆ ಸಾಗಿಸು ಎಂದು ಆಳಿಗೆ ಹೇಳಿದ. ಹೆಂಡತಿ ಬಂದು ನೋಡಿದಾಗ ಎತ್ತಿನ ಮುಂದೆ ಸಾರಿನ ಮಡಕೆ ಕೂತಿತ್ತು. ಅವಳು ಬೈದದ್ದು ಆಳನ್ನಲ್ಲ. ಎಲ್ಲಿ ನಿಂತಿದ್ದೀನಿ ಅಂತ ನೋಡಿಕೊಂಡು ಬಾಯಿ ಬಿಡಿ ಎಂದು ಗಂಡನನ್ನು ಬೈದಳು. ಅದು ಸಣ್ಣ ತಪ್ಪು. ಮಡಕೆ ಅಡುಗೆಮನೆಗೆ ತಿರುಗಿ ಬಂತು.

ದೊಡ್ಡ ತಪ್ಪು ಬೇರೆಯೇ ಇತ್ತು. ಆಳು ಬಂದ ಮೊದಲ ದಿನ ರೈತ ಅಂಗಳದ ಕೊಳೆತ ಹುಲ್ಲು ತೋರಿಸಿ, ಇದನ್ನು ತೆಗೆ ಎಂದು ಹಳ್ಳದ ಕಡೆ ಕೈ ಮಾಡಿದ್ದ. ಆಳು ಹುಲ್ಲನ್ನು ಹೊತ್ತು ಹಳ್ಳಕ್ಕೆ ಹಾಕಿ ಬಂದ. ತೆಗೆ ಎಂದರೆ ಹಳ್ಳಕ್ಕೆ ಹಾಕು. ಅವನು ಕಲಿತದ್ದು ಅಷ್ಟು.

ಮಳೆ ಹಿಡಿಯಿತು. ಮರುದಿನ ಊರಿನವರೆಲ್ಲ ಬೀಜಕ್ಕೆ ಬರುವವರಿದ್ದರು. ರೈತ ಗದ್ದೆಗೆ ಹೋಗುವ ಅವಸರದಲ್ಲಿ, ಬೀಜದ ಭತ್ತ ತೆಗೆ ಎಂದು ಹೇಳಿ ಹೊರಟ. ವಾಡೆಯಿಂದ ಹೊರಗೆ ತೆಗೆದು ಜಗಲಿಯ ಮೇಲಿಡಲಿ ಎಂಬುದು ಅವನ ಮನಸ್ಸು. ಮನಸ್ಸು ಅವನ ಹತ್ತಿರವೇ ಉಳಿಯಿತು. ಮಾತು ಮಾತ್ರ ಆಳಿನ ಹತ್ತಿರ ಹೋಯಿತು.

ಗದ್ದೆಯಿಂದ ಬಂದು ನೋಡಿದರೆ ವಾಡೆಗಳು ಬರಿದಾಗಿದ್ದವು. ಜಗಲಿಯ ಮೇಲೆ ಏನೂ ಇರಲಿಲ್ಲ. ಆಳು ಸುಮ್ಮನೆ ನಿಂತಿದ್ದ.

“ಬೀಜ ಎಲ್ಲೋ?” ಎಂದ ರೈತ.

“ತೆಗೆದೆ,” ಎಂದ ಆಳು.

ರೈತ ಹಳ್ಳಕ್ಕೆ ಓಡಿದ. ಹಳ್ಳ ತುಂಬಿ ಕೆಂಪಗೆ ಹರಿಯುತ್ತಿತ್ತು. ನೀರಿಗಿಳಿದು ಕೈಯಾಡಿಸಿದ. ಒಂದು ಹಿಡಿ ಭತ್ತವೂ ಸಿಗಲಿಲ್ಲ. ದಡದಲ್ಲಿ ಕೂತು ಅತ್ತ. ತನ್ನ ಗದ್ದೆ ಬೀಳು ಬಿದ್ದರೆ ಬೀಳಲಿ. ನಾಳೆ ಚೀಲ ಹಿಡಿದು ಬರುವವರಿಗೆ ಏನು ಹೇಳುವುದು? ಅಜ್ಜನ ಕಾಲದಿಂದ ಕಾಪಾಡಿಕೊಂಡು ಬಂದ ಬೀಜ ಒಂದು ಮಾತಿಗೆ ಹೋಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದನ್ನು ಎಲ್ಲರೂ ಹೇಳುತ್ತಾರೆ. ಅವನು ಕಣ್ಣಾರೆ ಕಂಡ.

ಹೆಂಡತಿ ಹುಡುಕಿಕೊಂಡು ಹಳ್ಳದ ಬಳಿ ಬಂದಳು. ಅವಳು ಅಳಲಿಲ್ಲ. ಎದ್ದು ಗಾಡಿ ಕಟ್ಟಿ, ಮಗಳ ಮನೆಗೆ ಹೋಗಿ ಬನ್ನಿ ಎಂದಳು. ಆಗ ರೈತನಿಗೆ ಮಡಿಲಿನ ಗಂಟು ನೆನಪಾಯಿತು.

ದಾರಿಯುದ್ದಕ್ಕೂ ಅವನಿಗೆ ಅನುಮಾನ. ಮಗಳು ಅದನ್ನು ಬಿತ್ತಿದಳೋ, ಕುಟ್ಟಿ ಅನ್ನ ಮಾಡಿದಳೋ, ಕೋಳಿಗೆ ಚೆಲ್ಲಿದಳೋ. ಮನೆ ತಲುಪಿ, ಕೂರುವ ಮೊದಲೇ ಕೇಳಿದ. ಮಗಳಿಗೆ ಅವನ ಅವಸರ ಅರ್ಥವಾಗಲಿಲ್ಲ.

“ಯಾವುದು ಬೇಕಪ್ಪ?” ಎಂದಳು. “ಈ ವರ್ಷದ್ದಾ, ಹೋದ ವರ್ಷದ್ದಾ? ಎರಡೂ ಅವೆ.”

ರೈತನಿಗೆ ಹೋದ ಜೀವ ಬಂತು. ಜಗಲಿಯ ಮೇಲೆ ಕೂತ. ಅಳುವೂ ಬಂತು, ನಗುವೂ ಬಂತು. ಮಗಳು ನೀರು ಕೊಟ್ಟಳು. ಕುಡಿದ. ಆ ನೀರಿನಷ್ಟು ರುಚಿ ಅವನಿಗೆ ಯಾವ ಹಬ್ಬದ ಊಟದಲ್ಲೂ ಸಿಕ್ಕಿರಲಿಲ್ಲ. ಗಾಡಿ ತುಂಬ ಬೀಜ ಹೇರಿಕೊಂಡು ಊರಿಗೆ ಬಂದ. ಊರಿನವರು ಚೀಲ ಹಿಡಿದು ಕಾದಿದ್ದರು. ಎಲ್ಲರಿಗೂ ಅಳೆದು ಕೊಟ್ಟ.

ನಡೆದದ್ದು ತಿಳಿದು ಊರಿನವರು ಸಿಟ್ಟಾದರು. ಮೊದಲು ಆ ಆಳನ್ನು ಕೆಲಸದಿಂದ ತೆಗೆ ಎಂದರು. ರೈತ ಕೈ ಮುಗಿದ. ಆ ಮಾತೊಂದನ್ನು ನನ್ನ ಮನೆಯಲ್ಲಿ ಸದ್ಯಕ್ಕೆ ಆಡಬೇಡಿ ಎಂದ.

ಆಳು ಅವನ ಮನೆಯಲ್ಲೇ ಉಳಿದ. ಆಳು ಬದಲಾಗಲಿಲ್ಲ, ರೈತ ಬದಲಾದ. ಬಾಯಿ ಬಿಡುವ ಮೊದಲು ಎಲ್ಲಿ ನಿಂತಿದ್ದೇನೆ ಎಂದು ನೋಡಿಕೊಳ್ಳುತ್ತಿದ್ದ. ಇಲ್ಲಿರುವುದನ್ನು ತೋರಿಸು ಎಂದು ಆಳಿಗೆ ಹೇಳಿ, ತೋರಿಸಿದ್ದನ್ನೆಲ್ಲ ನೋಡುತ್ತಿದ್ದ. ಸುಗ್ಗಿ ಮುಗಿದ ಕೂಡಲೇ ಮಗಳ ಮನೆಗೆ ಒಂದು ಗಂಟು ಕಳಿಸುತ್ತಿದ್ದ. ಒಂದೇ ಮನೆಯ ಎರಡು ವಾಡೆಯಲ್ಲಿಟ್ಟರೆ ಎರಡೂ ಒಂದೇ ಹಳ್ಳಕ್ಕೆ ಹೋಗುತ್ತವೆ ಎಂದು ಅವನಿಗೆ ತಿಳಿದಿತ್ತು. ಇಷ್ಟೆಲ್ಲ ಆದ ಮೇಲೆ, ಅಗತ್ಯವಿದ್ದರೆ ಮಾತ್ರ, ತೆಗೆ ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಕಣ್ಣು ತುಂಬಿತ್ತು. ಇಷ್ಟು ಹೊತ್ತು ಮುಚ್ಚಿಟ್ಟಿದ್ದನ್ನು ಅವನು ಹೇಳಿಬಿಟ್ಟ.

“ಗುರುಗಳೇ, ನೀವು ಓಲೆ ಕೋಣೆ ತೆಗಿ ಅಂದ್ರಿ. ನಾನು ತೆಗೆದುಬಿಟ್ಟೆ.”

“ಗೊತ್ತಾಯಿತು,” ಎಂದರು ಗುರುಗಳು. “ಬಂದ ಕೂಡಲೇ ನಿನ್ನ ಮುಖ ನೋಡಿದೆ. ಬಾಗಿಲು ತೆಗೆದರೂ ತೆಗೆದದ್ದೇ, ಚಿತ್ರ ತೆಗೆದರೂ ತೆಗೆದದ್ದೇ, ಕಸ ತೆಗೆದರೂ ತೆಗೆದದ್ದೇ. ನಮ್ಮ ನಮ್ಮಲ್ಲಿ ಅದು ನಡೆಯುತ್ತೆ. ನಾನು ತಪ್ಪು ಹೇಳಿದರೆ ಯಾವ ತೆಗೆಯೋದು ಅಂತ ನೀನು ಕೇಳಬಹುದಿತ್ತು. ಆ ಯಂತ್ರ ಕೇಳಲ್ಲ. ಅದು ಸುಮ್ಮನಿದ್ದಾಗಲೇ ನೀನು ಹೆಚ್ಚು ನೋಡಬೇಕು.”

ಬೈಗುಳ ಬರಲಿಲ್ಲ. ಮರುಳಯ್ಯನಿಗೆ ಅರ್ಧ ಭಾರ ಇಳಿಯಿತು. ಇನ್ನರ್ಧ ಹಾಗೇ ಇತ್ತು. ಅವನು ಕಪ್ಪು ಪರದೆಯನ್ನು ಮತ್ತೊಮ್ಮೆ ನೋಡಿದ. ಗೆರೆ ಮಿಣುಕುತ್ತಲೇ ಇತ್ತು.

“ಆ ರೈತನಿಗಾದರೆ ಬೇರೆ ಮನೆಯಲ್ಲಿ ಒಬ್ಬ ಮಗಳಿದ್ದಳು,” ಎಂದ. “ನಮ್ಮ ಓಲೆಗಳನ್ನ ಯಾರ ಮಡಿಲಿಗೆ ಹಾಕಿದ್ದೆವು, ಗುರುಗಳೇ?”

ಗುರುಗಳು ತಮ್ಮ ಫೋನನ್ನು ಅವನ ಕೈಗಿಟ್ಟರು.

“ನಿನ್ನ ಅವ್ವನಿಗೆ ಫೋನ್ ಮಾಡು, ಯುಗಾದಿಗೆ ಕೊಟ್ಟ ಆ ಪೊಟ್ಟಣವನ್ನ ತೆಗಿ ಅನ್ನಬೇಡ, ಬಿಚ್ಚು ಅನ್ನು.”